ಮಾನವ ಒಕ್ಕಲಾದ ಬಗೆ: ಕಾಡುಗೆಣಸಿನಿಂದ ಕಾಫಿ ತೋಟದವರೆಗೆ

ಕನ್ನಡದಲ್ಲಿ 'ಒಕ್ಕಲು' ಎಂಬ ಒಂದು ಮಾತಿದೆ. ಬೇಸಾಯ ಮಾಡುವವನು ಒಕ್ಕಲಿಗ. ಊರಿನಲ್ಲಿ ನೂರು ಸಂಸಾರವಿದ್ದರೆ ನೂರು ಒಕ್ಕಲು. ಹೊಸ ಮನೆ ಹೊಕ್ಕರೆ ಮನೆಯೊಕ್ಕಲು. ಕಣದಲ್ಲಿ ತೆನೆ ತುಳಿಸಿದರೆ ಒಕ್ಕಣೆ. ಇದ್ದ ನೆಲದಿಂದ ಹೊರಹಾಕಿದರೆ ಒಕ್ಕಲೆಬ್ಬಿಸುವುದು. ಇವೆಲ್ಲ ಒಂದೇ ಬೇರಿನ ಮಾತುಗಳೇ ಎಂಬುದನ್ನು ಭಾಷಾಪಂಡಿತರು ತೀರ್ಮಾನಿಸಲಿ. ನೆಲ ಸಾಗುವಳಿ ಮಾಡುವುದು, ಒಂದು ಕಡೆ ನೆಲೆ ನಿಲ್ಲುವುದು, ಕಾಳು ಕೂಡಿಡುವುದು, ಒಂದು ದಿನ ಅದನ್ನೆಲ್ಲ ಬಿಟ್ಟು ಏಳಬೇಕಾಗಿ ಬರುವುದು, ಇವು ಒಂದಕ್ಕೊಂದು ಅಂಟಿಕೊಂಡ ಸಂಗತಿಗಳೆಂಬುದು ನಮ್ಮ ಹಿರಿಯರ ನಾಲಿಗೆಗಂತೂ ತಿಳಿದಿತ್ತು. ಮಾನವನು ಅಲೆದಾಟ ಬಿಟ್ಟು ಒಕ್ಕಲಾದ ಕಥೆಯನ್ನು ಈ ಸಂಚಿಕೆಯಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಮಣ್ಣಿನ ಮೇಲೆ ನಿಂತು ನೋಡಲು ಯತ್ನಿಸಿದ್ದೇವೆ. ಬೇರೆ ಕಡೆ ಸಾವಿರಾರು ವರ್ಷಗಳ ಹಿಂದೆ ನಡೆದುಹೋದದ್ದರ ಒಂದು ತುಣುಕು ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಇಂದಿನ ಹಿರಿಯರ ನೆನಪಿನೊಳಗೇ ನಡೆದಿದೆ.

ಶಾಲೆಯಲ್ಲಿ ನಾವೆಲ್ಲ ಓದಿದ ಪಾಠ ಸರಳವಾದದ್ದು. ಆದಿಮಾನವ ಬೇಟೆಯಾಡಿಕೊಂಡು, ಗೆಡ್ಡೆಗೆಣಸು ತಿಂದುಕೊಂಡು ಇದ್ದ. ಒಂದು ದಿನ ಗುಡಿಸಲ ಮುಂದೆ ಚೆಲ್ಲಿದ ಬೀಜ ಮೊಳೆತದ್ದನ್ನು ಕಂಡು ಬೆರಗಾದ. ಅಂದಿನಿಂದ ಬೇಸಾಯ ಶುರುವಾಯಿತು. ಬೇಸಾಯಗಾರರಾದ ನಾವು ಈ ಪಾಠವನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಬೀಜ ಮೊಳೆಯುತ್ತದೆಂಬುದನ್ನು ಅರಿಯದವನು ಕಾಡಿನಲ್ಲಿ ಒಂದು ವರ್ಷವೂ ಬದುಕಲಾರ. ಯಾವ ಬಳ್ಳಿ ಯಾವ ಮಳೆಗೆ ಚಿಗುರುತ್ತದೆ, ಯಾವ ಹೂವು ಅರಳಿದರೆ ಎಷ್ಟು ದಿನಕ್ಕೆ ಜೇನು ತುಂಬುತ್ತದೆ, ಯಾವ ಗೆಡ್ಡೆಯನ್ನು ಬೇಯಿಸಿ ನೀರು ಚೆಲ್ಲಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಬೇಸಾಯ ತಡವಾಗಿ ಬಂದದ್ದು ತಿಳಿವಳಿಕೆ ಇಲ್ಲದ್ದರಿಂದಲ್ಲ, ಬೇಕಾಗದೆ ಇದ್ದದ್ದರಿಂದ ಎಂದು ನಮಗೆ ತೋರುತ್ತದೆ.

ಇದಕ್ಕೆ ಆಧಾರವೂ ಇದೆ. ಇಸ್ರೇಲಿನ ಗಲಿಲಿ ಸರೋವರದ ದಂಡೆಯಲ್ಲಿ ಓಹಾಲೊ ಎಂಬಲ್ಲಿ ಸುಮಾರು ೨೩,೦೦೦ ವರ್ಷಗಳ ಹಿಂದಿನ ಗುಡಿಸಲುಗಳ ಗುರುತು ಸಿಕ್ಕಿದೆ. ಅಲ್ಲಿದ್ದವರು ಕಾಡು ಗೋಧಿ, ಕಾಡು ಬಾರ್ಲಿಯನ್ನು ಆಯ್ದು ತಂದು ಕಲ್ಲಿನ ಮೇಲೆ ಅರೆಯುತ್ತಿದ್ದರು. ಆದರೆ ಅದೇ ಸೀಮೆಯಲ್ಲಿ ಬೇಸಾಯ ನೆಲೆಗೊಂಡದ್ದು ಈಗ್ಗೆ ಸುಮಾರು ೧೧,೦೦೦ ವರ್ಷಗಳ ಆಚೀಚೆ. ಅಂದರೆ ಕಾಳಿನ ಗುಣವನ್ನು ಬಲ್ಲ ಜನ ಅದನ್ನು ಬಿತ್ತಿ ಬದುಕುವ ಗೋಜಿಗೆ ಹತ್ತು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹೋಗಲಿಲ್ಲ. ನಡುವೆ, ಸುಮಾರು ೧೪,೦೦೦ ವರ್ಷಗಳ ಹಿಂದೆ, ಅದೇ ಭಾಗದಲ್ಲಿ ಕೆಲವರು ಕಲ್ಲಿನ ತಳಪಾಯದ ಮನೆ ಕಟ್ಟಿ ನೆಲೆ ನಿಂತಿದ್ದರು. ಅವರಿಗೂ ಬೇಸಾಯವಿರಲಿಲ್ಲ. ಮೊದಲು ಬೇಸಾಯ, ಆಮೇಲೆ ಮನೆ ಎಂಬ ಕ್ರಮವೂ ಎಲ್ಲ ಕಡೆ ನಿಜವಲ್ಲ.

ಕಾಡು ಹುಲ್ಲು ಬೆಳೆಯಾದದ್ದು ಹೇಗೆಂಬುದನ್ನು ಎಳ್ಳು ಬೆಳೆದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಎಳ್ಳಿನ ಕೊಯ್ಲು ನಾಲ್ಕು ದಿನ ತಡವಾದರೆ ಕಾಯಿ ಬಾಯಿಬಿಟ್ಟು ಕಾಳೆಲ್ಲ ನೆಲದ ಪಾಲು. ಕಾಡಿನ ಎಲ್ಲ ಹುಲ್ಲುಗಳ ಸ್ವಭಾವವೂ ಹಾಗೆಯೇ. ಮಾಗಿದ ಕೂಡಲೆ ಉದುರಬೇಕು, ಇಲ್ಲದಿದ್ದರೆ ಅದರ ವಂಶ ಬೆಳೆಯದು. ಸಾವಿರ ತೆನೆಗಳಲ್ಲಿ ಎಲ್ಲೋ ಒಂದು, ಹುಟ್ಟಿನ ದೋಷದಿಂದ, ಕಾಳನ್ನು ಬಿಡದೆ ಹಿಡಿದುಕೊಂಡಿರುತ್ತದೆ. ಕಾಡಿನಲ್ಲಿ ಅದು ಬಂಜೆ. ಕುಡುಗೋಲು ಹಿಡಿದವನ ಬುಟ್ಟಿಗೆ ಮಾತ್ರ ಅದೇ ಮೊದಲು ಬಂದು ಬೀಳುತ್ತದೆ. ಆ ಬುಟ್ಟಿಯ ಕಾಳನ್ನೇ ಮುಂದಿನ ಮಳೆಗೆ ಚೆಲ್ಲಿ, ಮತ್ತೆ ಕೊಯ್ದು, ಮತ್ತೆ ಚೆಲ್ಲಿ ಬಂದರೆ ಕಾಲಾಂತರದಲ್ಲಿ ಹೊಲದ ತುಂಬ ಉದುರದ ತಳಿಯೇ ನಿಲ್ಲುತ್ತದೆ. ಗೋಧಿ ಬಾರ್ಲಿಗಳಲ್ಲಿ ಈ ಬದಲಾವಣೆ ಪೂರ್ತಿಯಾಗಲು ಸಾವಿರಾರು ವರ್ಷಗಳೇ ಹಿಡಿದವೆಂದು ಸುಟ್ಟ ಕಾಳುಗಳನ್ನು ಪರೀಕ್ಷಿಸಿದವರು ಹೇಳುತ್ತಾರೆ. ಯಾವೊಬ್ಬನ ಜೀವಮಾನದಲ್ಲೂ ಕಣ್ಣಿಗೆ ಬೀಳದಷ್ಟು ನಿಧಾನ. ತಾನು ಬೇಸಾಯವನ್ನು ಕಂಡುಹಿಡಿಯುತ್ತಿದ್ದೇನೆಂದು ಆಗ ಯಾರಿಗೂ ಅನ್ನಿಸಿರಲಾರದು. ಗುಂಡ್ಲುಪೇಟೆಯ ನಮ್ಮ ಬಾಳೆ ಬೆಳೆಗಾರರಿಗೆ ಒಂದು ಮಾತು: ಬಾಳೆಯನ್ನು ನೆಟ್ಟು ಬೆಳೆದ ಅತಿ ಹಳೆಯ ಕುರುಹುಗಳು ನ್ಯೂಗಿನಿ ದ್ವೀಪದ ಕುಕ್ ಎಂಬ ಜೌಗು ನೆಲದಲ್ಲಿವೆ, ಸುಮಾರು ೭,೦೦೦ ವರ್ಷ ಹಳೆಯವು. ಕಾಡುಬಾಳೆಯ ಹಣ್ಣಿನಲ್ಲಿ ತಿರುಳಿಗಿಂತ ಬೀಜವೇ ಹೆಚ್ಚು. ಬೀಜವಿಲ್ಲದ ಬುಡವನ್ನು ಆರಿಸಿ ಅದರ ಕಂದು ಕಿತ್ತು ನೆಟ್ಟವರ ಋಣ ನಮ್ಮ ಮೇಲಿದೆ.

ನಮ್ಮ ನಾಡಿನ ಮೊದಲ ಒಕ್ಕಲು

ಕರ್ನಾಟಕದಲ್ಲಿ ಈ ಕಥೆ ತನ್ನದೇ ಹಾದಿ ಹಿಡಿಯಿತು. ಇಲ್ಲಿ ನೇಗಿಲಿಗಿಂತ ಮೊದಲು ದನ ಬಂತು. ಬಳ್ಳಾರಿ, ರಾಯಚೂರು, ಯಾದಗಿರಿ ಕಡೆ ಬಯಲಿನಲ್ಲಿ ಬೂದಿದಿಬ್ಬಗಳೆಂಬ ಗುಡ್ಡೆಗಳಿವೆ. ರಾಕ್ಷಸರನ್ನು ಸುಟ್ಟ ಬೂದಿಯೆಂದು ಜನ ನಂಬಿದ್ದರು. ಅದು ದೊಡ್ಡಿಗಳಲ್ಲಿ ಕೂಡಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದ ಬೂದಿಯೆಂಬುದು ಈಗ ಸಿದ್ಧವಾಗಿದೆ. ೧೯೫೭ರಲ್ಲಿ ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದಾಗ ದೊಡ್ಡಿಯ ಬೇಲಿಗೂಟದ ಕುಳಿಗಳು, ಗೊರಸಿನ ಗುರುತುಗಳು ಸಹ ಕಂಡವು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಿಂದ ದಿಬ್ಬದ ಪಕ್ಕದಲ್ಲೇ ಜನವಸತಿಯಿದ್ದದ್ದು ತಿಳಿಯಿತು. ಈ ದನಗಾರರ ಕಾಲ ಈಗ್ಗೆ ಸುಮಾರು ೫,೦೦೦ ವರ್ಷಗಳಿಂದ ಆರಂಭವಾಗುತ್ತದೆ. ಬಳ್ಳಾರಿಯ ಸಂಗನಕಲ್ಲಿನಂಥ ಗುಡ್ಡಗಳ ಮೇಲೆ ನಿಂತ ಹಳ್ಳಿಗಳು ಬಲವಾದದ್ದು ಅದಕ್ಕೆ ಸಾವಿರ ವರ್ಷಗಳ ನಂತರ.

ಅವರು ಉಂಡದ್ದೇನು? ಈ ನೆಲೆಗಳ ಮಣ್ಣನ್ನು ನೀರಿನಲ್ಲಿ ಕಲಸಿ, ತೇಲಿಬಂದ ಸುಟ್ಟ ಕಾಳುಗಳನ್ನು ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮೊದಲಾದವರು ಗುರುತಿಸಿದ್ದಾರೆ. ಮುಖ್ಯವಾದವು ಕೊರಲೆ, ನವಣೆಯ ಜಾತಿಯ ಒಂದು ಹುಲ್ಲು, ಹುರುಳಿ ಮತ್ತು ಹೆಸರು. ನಾಲ್ಕೂ ಈ ದೇಶದ ಒಣಕಾಡಿನ ಅಂಚಿನಲ್ಲಿ ತಾವಾಗಿ ಬೆಳೆಯುವಂಥವು. ಬೇರೆಲ್ಲಿಂದಲೋ ಗೋಧಿ ಬರುವುದನ್ನು ಕಾಯದೆ ಇಲ್ಲಿಯವರು ಇಲ್ಲಿಯ ಹುಲ್ಲನ್ನೇ ಬೆಳೆ ಮಾಡಿದರು. ನಾವು ಇಂದು ದನಕ್ಕೆಂದು ಬೇಯಿಸಿಡುವ ಹುರುಳಿ ಈ ನಾಡಿನ ಮೊದಲ ಒಕ್ಕಲಿನ ಅನ್ನವಾಗಿತ್ತು.

ಇವೆಲ್ಲ ಬಯಲುಸೀಮೆಯ ಮಾತು ಎನ್ನುವವರು ನಮ್ಮ ನೆರೆಯ ತಿರುಮಕೂಡಲು ನರಸೀಪುರಕ್ಕೆ ಹೋಗಿ ಬರಬಹುದು. ಕಾವೇರಿ ಕಪಿಲೆಯರ ಕೂಡಲಿನ ಬಳಿ ೧೯೫೯ರಿಂದ ೧೯೬೫ರ ನಡುವೆ ಉತ್ಖನನ ನಡೆದು, ಡಾ. ಎಂ. ಶೇಷಾದ್ರಿಯವರ ವರದಿ ೧೯೭೧ರಲ್ಲಿ ಹೊರಬಂತು. ಉಜ್ಜಿ ನಯಮಾಡಿದ ಕಲ್ಲುಕೊಡಲಿ, ಕೈಯಿಂದ ಮಾಡಿದ ಬೂದುಬಣ್ಣದ ಮಡಕೆ, ಸತ್ತವರನ್ನು ಹೂಳಿದ ಗುಳಿ, ತಲೆಯಿಟ್ಟು ಮಲಗುವ ಮಣ್ಣಿನ ದಿಂಬು ಅಲ್ಲಿ ಸಿಕ್ಕವು. ದಿಂಬು ಮಾಡಿಕೊಳ್ಳುವವರು ನಾಳೆಯೂ ಅಲ್ಲೇ ಮಲಗುವ ಜನ.

ರಾಗಿ ಮಾತ್ರ ನಮ್ಮ ನೆಲದ್ದಲ್ಲ. ಅದರ ತವರು ಇಥಿಯೋಪಿಯ, ಉಗಾಂಡಗಳ ಎತ್ತರದ ಸೀಮೆ. ಇಲ್ಲಿಗೆ ಬಂದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಮ್ಮ ಅರಾಬಿಕ ಕಾಫಿಯ ತವರೂ ಇಥಿಯೋಪಿಯದ ಮಲೆಗಳೇ. ಬೆಳಗಿನ ಕಾಫಿ, ಮಧ್ಯಾಹ್ನದ ಮುದ್ದೆ ಎರಡೂ ಒಂದೇ ಕಡೆಯಿಂದ ಬಂದು ನಮ್ಮವಾದವು. ಆ ದೇಶದ ಕಾಡುಗಳಲ್ಲಿ ಇಂದಿಗೂ ತಾನಾಗಿ ಬೆಳೆದ ಗಿಡಗಳಿಂದ ಕಾಫಿ ಹಣ್ಣು ಆಯ್ದು ತರುವ ಜನರಿದ್ದಾರೆ. ಕೆಲವರು ಸುತ್ತಲ ಪೊದೆ ಸವರಿ, ನೆರಳು ತೆಳುಮಾಡಿ ಬರುತ್ತಾರೆ. ಇದನ್ನು ಆಯುವುದೆನ್ನೋಣವೆ, ಬೆಳೆಯುವುದೆನ್ನೋಣವೆ? ನಮ್ಮ ಕೊಡಗಿನಲ್ಲಿ ಏಲಕ್ಕಿಯ ಹಳೆಯ ಪದ್ಧತಿಯೂ ಹೀಗೆಯೇ ಇತ್ತು. ಬೇಸಗೆಗೆ ಮೊದಲು ಮಲೆಗೆ ಹೋಗಿ ಆಯ್ದ ಜಾಗದಲ್ಲಿ ಒಂದು ಹೆಮ್ಮರ ಉರುಳಿಸುವುದು; ಬೆಳಕು ಬಿದ್ದ ನೆಲದಲ್ಲಿ ಮಳೆಗೆ ಏಲಕ್ಕಿ ತಾನೇ ಮೊಳೆಯುವುದು; ಕಳೆ ತೆಗೆದು ಕಾದು ಮೂರು ನಾಲ್ಕು ವರ್ಷಕ್ಕೆ ಕಾಯಿ ಬಿಡಿಸುವುದು. ಬಿತ್ತಿದವರಿಲ್ಲ, ಆದರೂ ಬೆಳೆದವರಿದ್ದಾರೆ. ಕಾಡಿಗೂ ತೋಟಕ್ಕೂ ನಡುವೆ ಇಂಥ ಅಗಲವಾದ ನಡುನೆಲವೊಂದಿದೆ. ಬಹುಪಾಲು ಮಾನವರು ಸಾವಿರಾರು ವರ್ಷ ಅದರಲ್ಲೇ ಬದುಕಿದರು.

ಹಗೇವಿನ ಲಾಭ ನಷ್ಟ

ಹಾಗಾದರೆ ಆ ನಡುನೆಲ ಬಿಟ್ಟು ಪೂರ್ತಿ ಒಕ್ಕಲಾದದ್ದೇಕೆ? ಹೊಟ್ಟೆ ತುಂಬಲೆಂದು ಎಂಬ ಉತ್ತರ ಸಾಲದು. ಮೊದಲ ಬೇಸಾಯಗಾರರ ಎಲುಬುಗಳನ್ನು ಪರೀಕ್ಷಿಸಿದ ಹಲವು ಕಡೆ, ಅವರು ತಮ್ಮ ಬೇಟೆಗಾರ ಪೂರ್ವಿಕರಿಗಿಂತ ಗಿಡ್ಡಗಿದ್ದದ್ದು, ಹಲ್ಲು ಹೆಚ್ಚು ಹುಳುಕಾಗಿದ್ದದ್ದು ತಿಳಿದಿದೆ. ಹತ್ತಾರು ಬಗೆಯ ಆಹಾರ ಹೋಗಿ ಒಂದೆರಡು ಕಾಳಿನ ಮೇಲೆ ನಿಂತರೆ ಆಗುವುದು ಅದೇ. ಹಿಮಯುಗ ಮುಗಿದು ಹವೆ ಬದಲಾದದ್ದು, ಜನ ಹೆಚ್ಚಿ ಅಲೆಯುವ ಜಾಗ ಕಡಿಮೆಯಾದದ್ದು, ಹೀಗೆ ಕಾರಣಗಳು ಸೀಮೆಯಿಂದ ಸೀಮೆಗೆ ಬೇರೆ. ಆದರೆ ಒಂದು ಸಲ ಒಳಗೆ ಬಂದವರು ಹಿಂದಿರುಗಲಾಗದಂತೆ ಮಾಡಿದ್ದು ಎರಡು ಸಂಗತಿ ಎಂದು ನಮ್ಮ ಅನಿಸಿಕೆ. ಒಂದು ಹಗೇವು. ಕೂಡಿಟ್ಟ ಧಾನ್ಯವನ್ನು ಹೊತ್ತು ಅಲೆಯಲಾಗದು, ಬಿಟ್ಟು ಹೋಗಲಾಗದು, ಕಾಯಬೇಕು. ಇನ್ನೊಂದು ಸರಿಹಿಟ್ಟು. ಅಲೆಯುವ ತಾಯಿ ಒಂದು ಕೂಸು ನಡೆಯುವ ತನಕ ಇನ್ನೊಂದನ್ನು ಹೊರಲಾರಳು. ನೆಲೆ ನಿಂತ ಮನೆಯಲ್ಲಿ ಗಂಜಿ, ಸರಿ ಉಣಿಸಿ ಕೂಸಿಗೆ ಬೇಗ ಮೊಲೆ ಬಿಡಿಸಬಹುದು. ಮುಂದಿನ ಹೆರಿಗೆ ಬೇಗ ಬರುತ್ತದೆ. ಮನೆತುಂಬ ಮಕ್ಕಳಾದ ಮೇಲೆ ಕಾಡಿನ ಗೆಣಸು ಸಾಲುವುದಿಲ್ಲ.

ಈ ಬದುಕುಗಳು ಒಂದರ ಹಿಂದೆ ಒಂದು ಸಾಲಾಗಿ ಬಂದವೆಂದೂ ತಿಳಿಯಬೇಕಾಗಿಲ್ಲ. ಕಂಸಾಳೆಯವರು ನಮ್ಮೂರುಗಳಲ್ಲಿ ರಾತ್ರಿಯಿಡೀ ಹಾಡುವ ಮಲೆ ಮಾದೇಶ್ವರನ ಕಥೆಯನ್ನೇ ನೆನೆಯಿರಿ. ಸಂಕಮ್ಮನ ಸಾಲಿನಲ್ಲಿ ಅವಳ ಗಂಡ ಸೋಲಿಗರ ನೀಲೇಗೌಡ ಕಾಡಿಗೆ ಹೋಗುವವನು. ಆಲಂಬಾಡಿಯ ಜುಂಜೇಗೌಡ ಹಾಲುಮತದ ಸಿರಿವಂತ. ಬೇವಿನಹಟ್ಟಿ ಕಾಳಮ್ಮ ಮನೆತುಂಬ ಧಾನ್ಯವಿಟ್ಟುಕೊಂಡೂ ಭಿಕ್ಷೆಗೆ ಬಂದವನಿಗೆ ಇಲ್ಲವೆನ್ನುವವಳು. ಕಾಡಿನವರು, ಮಂದೆಯವರು, ಹೊಲದವರು ಒಂದೇ ಬೆಟ್ಟದ ಸುತ್ತ ಒಂದೇ ಕಾಲದಲ್ಲಿದ್ದಾರೆ.

ಪೋಡಿನವರು

ಈಗ ಸೋಲಿಗರ ವಿಷಯಕ್ಕೆ ಬರೋಣ. ಅವರನ್ನು ಶಿಲಾಯುಗದ ಉಳಿಕೆ ಎನ್ನುವ ರೂಢಿ ಕೆಲವರಲ್ಲಿದೆ, ಅದು ಸರಿಯಲ್ಲ. ನಮ್ಮಷ್ಟೇ ಇಂದಿನವರು ಅವರು. ತಲೆಮಾರುಗಳಿಂದ ಬಯಲಿನ ಸಂತೆಯೊಡನೆ ಜೇನು, ಸೀಗೆಯ ವ್ಯವಹಾರವಿಟ್ಟುಕೊಂಡ ಜನ. ಬಿಳಿಗಿರಿರಂಗ ತಮ್ಮ ಕುಸುಮಾಲೆಯನ್ನು ಮದುವೆಯಾದ್ದರಿಂದ ದೇವರನ್ನೇ ಭಾವನೆಂದು ಕರೆಯುವಷ್ಟು ಸಲಿಗೆ ಉಳ್ಳವರು.

ಅವರ ಹಳೆಯ ಬದುಕು ನಾವು ಮೇಲೆ ಹೇಳಿದ ನಡುನೆಲಕ್ಕೆ ಒಳ್ಳೆಯ ಉದಾಹರಣೆ. ನಾಲ್ಕಾರು ಗುಡಿಸಲಿನ ಪೋಡು. ಕಾಡಿನ ಒಂದು ತುಂಡನ್ನು ಸವರಿ, ಒಣಗಿಸಿ, ಸುಟ್ಟು, ಮಳೆಗೆ ರಾಗಿ ಚೆಲ್ಲುವರು. ಅದರೊಳಗೇ ಸಾಸಿವೆ, ಅವರೆ, ಕುಂಬಳ, ಮುಸುಕಿನಜೋಳ. ನೇಗಿಲಿಲ್ಲ, ಗೊಬ್ಬರವಿಲ್ಲ, ಬೂದಿಯೇ ಗೊಬ್ಬರ. ಆನೆ ಹಂದಿಗಳನ್ನು ಕಾಯಲು ಅಟ್ಟಣೆ, ರಾತ್ರಿಯೆಲ್ಲ ಬೆಂಕಿ. ಕೆಲವು ಬೆಳೆಯ ನಂತರ ಆ ತುಂಡನ್ನು ಕಾಡಿಗೇ ಬಿಟ್ಟು ಮುಂದಕ್ಕೆ ಹೋಗುವರು. ಹೊಸ ರಾಗಿ ಬಂದಾಗ ರೊಟ್ಟಿ ಹಬ್ಬ. ರಾಗಿ ಮುಗಿದ ತಿಂಗಳುಗಳಲ್ಲಿ ಕಾಡುಗೆಣಸು, ಸೊಪ್ಪು, ಜೇನು. ಗೆಣಸು ಅಗೆದವರು ಬಳ್ಳಿಯೊಡನೆ ತಲೆಭಾಗವನ್ನು ಗುಳಿಯಲ್ಲೇ ಬಿಟ್ಟು ಮಣ್ಣು ಮುಚ್ಚಿ ಬರುವರು; ಮುಂದಿನ ಮಳೆಗೆ ಅದು ಮತ್ತೆ ಬೆಳೆಯುತ್ತದೆ. ಹೆಜ್ಜೇನು ಕಿತ್ತರೆ ಸ್ವಲ್ಪ ಉಳಿಸುವರು. ಬೇಸಗೆಗೆ ಮೊದಲು ತರಗಿಗೆ ಸಣ್ಣ ಬೆಂಕಿ ಇಡುವರು. ನೆಲದ ಕಸ ಉರಿದು ಹುಲ್ಲು ಚಿಗುರುವುದು, ಮರಕ್ಕೆ ಕೇಡಿಲ್ಲ. ಹೊಲದ ಬೇಸಾಯ ಚಿಕ್ಕದು. ಆದರೆ ಕಾಡಿಗೇ ಒಂದು ಬಗೆಯ ಬೇಸಾಯ ನಡೆಯುತ್ತಿತ್ತು.

ಇದೇ ಬೆಟ್ಟಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮಾರಿಸ್ ಕುಟುಂಬದವರು ಬಂದು ಅತ್ತಿಖಾನೆ, ಹೊನ್ನಮೇಟಿಯ ಕಡೆ ಕಾಫಿ ತೋಟ ಎಬ್ಬಿಸಿದರು. ಸೋಲಿಗರು ಮೊದಲು ಕಾಫಿ ಗಿಡವನ್ನು ಮುಟ್ಟಿದ್ದು ಹೀಗೆ, ಕೂಲಿಯವರಾಗಿ.

ಪೋಡಿನ ತಿರುಗಾಟ ನಿಂತದ್ದು ೧೯೭೪ರಲ್ಲಿ. ಆ ವರ್ಷ ಬೆಟ್ಟ ವನ್ಯಧಾಮವಾಯಿತು. ಕುಮರಿ ಬೇಸಾಯ, ಬೇಟೆ, ತರಗು ಬೆಂಕಿ ಮೂರೂ ನಿಷಿದ್ಧವಾದವು; ಚದುರಿದ್ದ ಪೋಡುಗಳನ್ನು ರಸ್ತೆಯ ಬಳಿ ಕಾಲೊನಿಗಳಾಗಿ ಕೂಡಿಸಲಾಯಿತು. ಗಲಿಲಿಯ ದಂಡೆಯಲ್ಲಿ ಹತ್ತು ಸಾವಿರ ವರ್ಷ ಹಿಡಿದ ದಾರಿಯನ್ನು ಇಲ್ಲಿ ಹತ್ತು ವರ್ಷದಲ್ಲಿ ನಡೆಯಬೇಕಾಯಿತು. ನಮ್ಮ ಮಾತಿನ ತಮಾಷೆ ನೋಡಿ: ಒಕ್ಕಲೆಬ್ಬಿಸಿ ಒಕ್ಕಲು ಮಾಡಿದರು. ೧೯೮೧ರಲ್ಲಿ ಡಾ. ಎಚ್. ಸುದರ್ಶನ್ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದ ಮೇಲೆ ಆಸ್ಪತ್ರೆ, ಶಾಲೆಗಳು ಬಂದವು. ನೆಲೆ ನಿಂತದ್ದರ ಲಾಭ ಅಷ್ಟರ ಮಟ್ಟಿಗೆ ನಿಜವಾದದ್ದೇ. ಗುಂಡ್ಲುಪೇಟೆ ಕಡೆಯೂ ಇದೇ ಕಥೆ. ೧೯೪೧ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿದ್ದ ಬಂಡೀಪುರ ೧೯೭೩ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾಡಂಚಿನ ಹಾಡಿಗಳ ಜೇನುಕುರುಬರಲ್ಲಿ ಅನೇಕರು ಇಂದು ಕೊಡಗಿನ ಕಾಫಿ ತೋಟಗಳ ಕೂಲಿಯ ಮೇಲೆ ನಿಂತಿದ್ದಾರೆ.

ಕಾಡಿನ ಕಿರುಉತ್ಪನ್ನದ ಆಸರೆ ಕೆಲಕಾಲ ಉಳಿದಿತ್ತು. ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ನೆಲ್ಲಿ, ಜೇನು, ಸೀಗೆ, ಪಾಚಿ ಮಾರಾಟವಾಗುತ್ತಿದ್ದವು. ವನ್ಯಜೀವಿ ಕಾಯಿದೆಯ ೨೦೦೨ರ ತಿದ್ದುಪಡಿಯ ನಂತರ ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೂ ತಡೆ ಬಿತ್ತು. ಇನ್ನೊಂದು ಕಡೆ ಲಂಟಾನ ಕಾಡಿನೊಳಗೆಲ್ಲ ಹಬ್ಬಿತು. ನಾವು ಬಂದಳಿಕೆ ಎನ್ನುವುದನ್ನು ಸೋಲಿಗರು ಉಪ್ಪಿಲು ಎನ್ನುತ್ತಾರೆ. ಅದು ನೆಲ್ಲಿ ಮರಗಳನ್ನು ಮುತ್ತಿತು. ತರಗು ಬೆಂಕಿ ನಿಂತದ್ದೇ ಇವೆರಡಕ್ಕೂ ಕಾರಣವೆಂದು ಹಿರಿಯ ಸೋಲಿಗರು ಹೇಳುತ್ತಾರೆ. ತೋಟದ ಮರದ ಮೇಲೆ ಬಂದಳಿಕೆ ಹತ್ತಿಸಿಕೊಂಡು ಕೈಹಿಚುಕಿಕೊಂಡವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರರು.

ಈ ಹಂತದಲ್ಲಿ ಕಾಫಿ ಪೋಡುಗಳಲ್ಲಿ ಬೇರೂರಿತು. ಅದಕ್ಕೆ ತಕ್ಕ ಕಾರಣವಿದೆ. ಒಂದೇ ಜಾಗದಲ್ಲಿ ವರ್ಷ ವರ್ಷ ರಾಗಿ ಬಿತ್ತಿದರೆ ನೆಲ ಸೊರಗುತ್ತದೆ, ಆನೆಗೆ ದಾರಿ ಗೊತ್ತಾಗುತ್ತದೆ. ಕಾಫಿಯನ್ನು ಆನೆ ತುಳಿದೀತೇ ಹೊರತು ರಾಗಿಯಂತೆ ಮೇಯುವುದಿಲ್ಲ. ಇದ್ದ ಮರದ ನೆರಳಲ್ಲೇ ಬರುತ್ತದೆ. ಮರ ಕಡಿಯದೆ ಬೆಳೆಯುವ ಬೆಳೆ ಕಾಡಿನ ಜನಕ್ಕೆ ಒಗ್ಗಿತು. ಮರಕ್ಕೆ ಮೆಣಸು ಹಬ್ಬಿಸಿದರೆ ಇನ್ನೊಂದು ಪುಟ್ಟ ಆದಾಯ. ಆದರೆ ಕಾಫಿಯನ್ನು ಉಣ್ಣಲು ಬರುವುದಿಲ್ಲ. ರಾಗಿಯ ಕಾಲದಲ್ಲಿ ಮಳೆ ಕೈಕೊಟ್ಟರೆ ಗೆಣಸಿತ್ತು. ಈಗ ದರ ಕೈಕೊಟ್ಟರೆ ಅಂಗಡಿಯ ಸಾಲ. ಅಡಿಕೆಯೊಂದನ್ನೇ ನಂಬಿ, ಮನೆಮಟ್ಟಿಗಾದರೂ ಬೆಳೆಯುತ್ತಿದ್ದ ಕಾಳನ್ನೂ ಬಿಟ್ಟ ನಮ್ಮಲ್ಲಿಯವರು ನಿಂತಿರುವುದೂ ಇದೇ ಜಾಗದಲ್ಲಿ.

ಭೂಮಿಯ ಪ್ರಶ್ನೆ ಇನ್ನೂ ಗಂಭೀರವಾದದ್ದು. ೨೦೦೬ರ ಅರಣ್ಯ ಹಕ್ಕು ಕಾಯಿದೆಯಂತೆ, ೨೦೦೫ರ ಡಿಸೆಂಬರ್ ೧೩ಕ್ಕೆ ಮೊದಲಿನಿಂದ ಅನುಭವದಲ್ಲಿರುವ ಅರಣ್ಯಭೂಮಿಗೆ ಬುಡಕಟ್ಟಿನ ಕುಟುಂಬವೊಂದಕ್ಕೆ ೪ ಹೆಕ್ಟೇರು ಮೀರದಂತೆ ಹಕ್ಕುಪತ್ರ ದೊರೆಯಬಹುದು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ೨೦೧೧ರಲ್ಲೇ, ಅಕ್ಟೋಬರಿನಲ್ಲಿ, ಇಲ್ಲಿಯ ೨೫ ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕುಗಳೂ ಸಿಕ್ಕವು. ಕಿರುಉತ್ಪನ್ನ ಸಂಗ್ರಹದ ಬಾಗಿಲು ಕಾನೂನಿನ ಮಟ್ಟಿಗೆ ಮತ್ತೆ ತೆರೆಯಿತು. ವೈಯಕ್ತಿಕ ಹಕ್ಕುಪತ್ರ ಮಕ್ಕಳಿಗೆ ಬರುತ್ತದೆ, ಆದರೆ ಪರರಿಗೆ ಮಾರುವಂತಿಲ್ಲ, ವರ್ಗಾಯಿಸುವಂತಿಲ್ಲ. ಸೋಲಿಗರ ನೆಲ ಪೇಟೆಯವರ ಪಾಲಾಗದಿರಲು ಇದು ಒಳ್ಳೆಯ ಬೇಲಿಯೇ ಸರಿ. ಆದರೆ ಭೂಮಿ ಆಧಾರ ಬರೆದುಕೊಟ್ಟು ಸಾಲ ಪಡೆಯುವ ನಮ್ಮ ಪದ್ಧತಿಯೊಳಗೆ ಆ ಪತ್ರ ಹೊಂದುವುದಿಲ್ಲ. ಪಲ್ಪರ್ ಇಲ್ಲದ, ಒಣಗಿಸಲು ಕಣವಿಲ್ಲದ ಸಣ್ಣ ಹಿಡುವಳಿದಾರ ಕೈಸಾಲಕ್ಕೆ ಸಿಕ್ಕಿದರೆ ಹಣ್ಣನ್ನು ಗಿಡದ ಮೇಲಿರುವಾಗಲೇ ಬಂದ ದರಕ್ಕೆ ಒಪ್ಪಿಸಬೇಕಾಗುತ್ತದೆ. ಕಾಫಿ ಬೋರ್ಡಿನ ಪೂಲ್ ಪದ್ಧತಿ ೧೯೯೬ರ ಹೊತ್ತಿಗೆ ಪೂರ್ತಿ ನಿಂತ ಮೇಲೆ ಅರ್ಧ ಎಕರೆಯವನಿಗೆ ಚೌಕಾಸಿಯ ಶಕ್ತಿ ಎಷ್ಟಿದೆಯೆಂಬುದು ನಮ್ಮ ಸದಸ್ಯರಿಗೆ ಗೊತ್ತಿರುವ ಮಾತು. ಭೂಮಿಯ ಆಧಾರದ ಬದಲು ಒಪ್ಪಿಸುವ ಫಸಲಿನ ಆಧಾರದ ಮೇಲೆ ಮುಂಗಡ ಕೊ‌ಡುವುದು, ಒಂದು ಪಲ್ಪರನ್ನು ಹತ್ತು ಮನೆಯವರು ಹಂಚಿಕೊಳ್ಳುವುದು, ಇವು ಸಹಕಾರ ಸಂಘಗಳು ಮಾಡಬಹುದಾದ ಕೆಲಸಗಳೆಂದು ನಾವು ಭಾವಿಸುತ್ತೇವೆ. ಪೋಡಿನ ಬೆಳೆಗಾರರೂ ಬೆಳೆಗಾರರೇ.

ಕೊನೆಯದಾಗಿ ಒಂದು ವಿನಂತಿ. ತೋಟದಲ್ಲಿ ಗುಂಡಿ ತೆಗೆಯುವಾಗ, ಕೆರೆಯ ಹೂಳು ಎತ್ತುವಾಗ ಅಂಗೈಯಗಲದ, ಒಂದು ತುದಿ ಚೂಪಾಗಿ ಒಂದು ತುದಿ ಅಗಲವಾಗಿ ಉಜ್ಜಿ ನಯಮಾಡಿದ ಕಪ್ಪು ಕಲ್ಲು ಸಿಕ್ಕರೆ ಎಸೆಯಬೇಡಿ. ಸಿಡಿಲಿನೊಡನೆ ಬಿದ್ದ ಕಲ್ಲೆಂದು ಇಂಥವನ್ನು ಮರದಡಿಯ ದೇವರ ಬಳಿ ಇಡುವ ರೂಢಿ ಹಲವು ಕಡೆ ಇದೆ. ಅಲ್ಲಿದ್ದರೆ ಅಲ್ಲೇ ಇರಲಿ. ಹೊಸದಾಗಿ ಸಿಕ್ಕರೆ ಯಾವ ಸರ್ವೆ ನಂಬರಿನಲ್ಲಿ, ಎಷ್ಟು ಅಡಿ ಆಳದಲ್ಲಿ, ಜೊತೆಗೆ ಮಡಕೆಯ ಚೂರು, ಬೂದಿ ಇತ್ತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಮೈಸೂರಿನ ಪುರಾತತ್ವ ಇಲಾಖೆಯ ಕಚೇರಿಗೆ ತಿಳಿಸಿ. ಕಲ್ಲನ್ನು ತೊಳೆದು ಉಜ್ಜಬೇಡಿ. ಅಂಟಿದ ಮಣ್ಣಿನಲ್ಲೂ ಕಾಳಿನ ಗುರುತು ಇರಬಹುದು.